ಮೂರನೆಯ ಫೋಟೊ

"ಇನ್‌ಫ್ರಾರೆಡ್ ಫೋಟೊ ತೆಗೆಯೋ ಕ್ಯಾಮೆರಾ ಬೇಕು. ಹಳೇದಾದ್ರೂ ಪರವಾಗಿಲ್ಲ," ಎಂದರು ಆ ಹಿರಿಯ ಹೆಂಗಸು. ಪಕ್ಕದಲ್ಲಿದ್ದ ಯುವತಿ ಕೊರಳ ತಾಳಿ ಹಿಡಿದುಕೊಂಡು ಬಾಗಿಲ ಕಡೆಯೇ ನೋಡುತ್ತಿದ್ದಳು.

ಕ್ಯಾಮೆರಾ ಅಂಗಡಿಯ ರುದ್ರಯ್ಯನಿಗೆ ಅನುಮಾನ ಬಂತು. "ಅದನ್ನ ಕೆಟ್ಟ ಕೆಲಸಕ್ಕೂ ಬಳಸ್ತಾರಮ್ಮ. ನಿಮಗ್ಯಾಕೆ?"

"ಮಾಸಿಹೋದ ಪೆಟ್ಟಿನ ಗುರುತು ಕೆಲವು ಸಲ ಅದರಲ್ಲಿ ಕಾಣುತ್ತಂತೆ. ಲಾಯರ್ ಹೇಳಿದ್ರು."

ಆಕೆ ಯುವತಿಯ ರವಿಕೆಯ ತೋಳನ್ನು ಮೇಲೆ ಸರಿಸಿದರು. ಚರ್ಮದ ಮೇಲೆ ಏನೂ ಇರಲಿಲ್ಲ.

ರುದ್ರಯ್ಯ ಎರಡು ಕ್ಯಾಮೆರಾ ತೆಗೆದಿಟ್ಟ. "ಇದು ಹೊಸದು, ಆದ್ರೆ ಇದರೊಳಗಿನ ಗಾಜು ಕಣ್ಣಿಗೆ ಕಾಣದ ಆ ಇನ್‌ಫ್ರಾರೆಡ್ ಬೆಳಕನ್ನ ತಡೆಯುತ್ತೆ. ಈ ಹಳೇದರಲ್ಲಿ ಆ ಗಾಜು ತೆಗೆಸಿದೀನಿ. ಬೆಳಕಿನ ಅಂದಾಜು ಸಿಗಲ್ಲ ನೋಡಿ, ಅದಕ್ಕೆ ಒಂದೇ ಸಲಕ್ಕೆ ಕಡಿಮೆ, ಮಧ್ಯಮ, ಜಾಸ್ತಿ ಅಂತ ಮೂರು ಫೋಟೊ ತೆಗೆಯುತ್ತೆ."

"ಬೇಡಮ್ಮಾ, ಹೋಗೋಣ. ಅವರಿಗೆ ಗೊತ್ತಾದ್ರೆ..." ಯುವತಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಕೈ ಅಲ್ಲಾಡಿಸಬೇಡ, ವೇಣಿ."

ರುದ್ರಯ್ಯ ಗುಂಡಿ ಒತ್ತಿದ. ಕ್ಯಾಮೆರಾ ಮೂರು ಸಲ ಸದ್ದು ಮಾಡಿತು. ಮೊದಲನೆಯ ಫೋಟೊ ಬರೀ ಕಪ್ಪು. ಎರಡನೆಯದರಲ್ಲಿ ತೋಳಷ್ಟೇ ಇತ್ತು. ಮೂರನೆಯದರಲ್ಲಿ, ಬಿಳಿಚಿಕೊಂಡ ಚರ್ಮದ ಕೆಳಗೆ, ನಾಲ್ಕು ಬೆರಳುಗಳ ಗುರುತು ಮೂಡಿತ್ತು. ಯುವತಿ ಮುಖ ಮುಚ್ಚಿಕೊಂಡಳು.

ರುದ್ರಯ್ಯ ಕ್ಯಾಮೆರಾದ ಪರದೆಯನ್ನು ಹಿರಿಯ ಹೆಂಗಸಿನ ಕಡೆ ತಿರುಗಿಸಿದ. "ನಿಮ್ಮಂಥ ತಾಯಿ ಸಿಕ್ಕಿದ್ದು ಈ ಮಗಳ ಪುಣ್ಯ. ಅಂಥ ಅಳಿಯನ್ನ ಮಾತ್ರ ಸುಮ್ನೆ ಬಿಡಬೇಡಿ."

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅಳಿಯ ಅಲ್ಲಪ್ಪ," ಎಂದರು. "ನನ್ನ ಮಗ."