ಮೇ ತಿಂಗಳ ಖರ್ಚು

ಆಗಸ್ಟ್ ಇಪ್ಪತ್ತೇಳು, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಲುಬೆಯಾ ಬೀಜ ಕಂಪನಿಯ ಅರ್ಧವರ್ಷದ ಲೆಕ್ಕ ಸಂಜೆ ನಾಲ್ಕರೊಳಗೆ ಲುಸಾಕಾ ಷೇರುಪೇಟೆಗೆ ತಲುಪಬೇಕಿತ್ತು. ವ್ಯವಸ್ಥಾಪಕ ನಿರ್ದೇಶಕ ಮುಬಿತಾ ಇನ್ನೂ ಸಹಿ ಹಾಕಿರಲಿಲ್ಲ.

ಜನವರಿಯಿಂದ ಜೂನ್‌ವರೆಗಿನ ನಷ್ಟ ಅರವತ್ತೊಂದು ಲಕ್ಷ ಕ್ವಾಚಾ. ಹಿಂದಿನ ವರ್ಷ ಇದೇ ಅವಧಿಯಲ್ಲಿ ಮೂವತ್ತೆಂಟು ಲಕ್ಷ. ಬಿತ್ತನೆ ನವೆಂಬರಿನ ಮಳೆಗೆ. ಮೆಕ್ಕೆಜೋಳದ ಬೀಜ ಮಾರಾಟವಾಗುವುದು ಅಕ್ಟೋಬರಿನಿಂದ. ಹಾಗಾಗಿ ಮೊದಲ ಆರು ತಿಂಗಳ ನಷ್ಟ ಹೊಸದೇನಲ್ಲ. ಈ ಸಲ ಅದನ್ನು ಹಿಗ್ಗಿಸಿದ್ದು ಮೇ ತಿಂಗಳಲ್ಲಿ ಬೀಜ ಒಣಗಿಸುವ ಯಂತ್ರದ ರಿಪೇರಿಗೆ ಹೋದ ಇಪ್ಪತ್ತೇಳು ಲಕ್ಷ.

ಆ ಖರ್ಚನ್ನು ಮುಂದಿನ ಆರು ತಿಂಗಳಿಗೆ ಸಾಗಿಸಿ ಎಂದು ಮುಬಿತಾ ಹೇಳಿದರು. ಬೀಜ ಮಾರುವುದು ಆಗಲೇ ತಾನೆ, ವರ್ಷದ ಕೊನೆಗೆ ಮೊತ್ತ ಹೇಗೂ ಒಂದೇ, ಅರ್ಧವರ್ಷದ್ದನ್ನು ಲೆಕ್ಕಪರಿಶೋಧಕರು ನೋಡುವುದೂ ಇಲ್ಲ ಎಂಬುದು ಅವರ ವಾದ. ವಾದದ ಹಿಂದೆ ಭಯವಿತ್ತು. ಕಂಪನಿಯ ಎಂಟನೇ ಒಂದು ಪಾಲು ಷೇರು ಮೊಂಜೆಯ ರೈತಸಂಘದ ಕೈಯಲ್ಲಿತ್ತು. ಇಟ್ಟುಕೊಳ್ಳುವುದೋ ಮಾರುವುದೋ ಎಂದು ಸಂಘ ಶುಕ್ರವಾರ ತೀರ್ಮಾನಿಸಲಿತ್ತು. ಮಾರಿದರೆ, ಚೋಮಾದಲ್ಲಿ ಅರ್ಧಕ್ಕೆ ನಿಂತ ಕಂಪನಿಯ ಗೋದಾಮಿಗೆ ಯಾವ ಬ್ಯಾಂಕೂ ಸಾಲ ಕೊಡುತ್ತಿರಲಿಲ್ಲ.

ಲೆಕ್ಕವಿಭಾಗದ ಮುಖ್ಯಸ್ಥೆ ಚೂಲ್ವೆ ತಿದ್ದುವುದಕ್ಕೆ ಕಾಗದಗಳನ್ನು ಮೇಜಿನ ಮೇಲಿಂದ ಎತ್ತಲಿಲ್ಲ. ಅವಳು ಟೋಂಗಾ ಬುಡಕಟ್ಟಿನವಳು, ಮುಬಿತಾ ಲೋಜಿ. ಈ ಎರಡು ಬುಡಕಟ್ಟಿನವರು ಭಾವ, ನಾದಿನಿ ಎನ್ನುತ್ತಾ ಒಬ್ಬರನ್ನೊಬ್ಬರು ಎಷ್ಟು ಹಂಗಿಸಿದರೂ ಯಾರೂ ಸಿಟ್ಟಾಗುವಂತಿಲ್ಲ. ಅಜ್ಜಂದಿರ ಕಾಲದ ಸಲುಗೆ ಅದು. ಆರು ವರ್ಷದ ನೌಕರಿಯಲ್ಲಿ ಅವಳು ಅದನ್ನು ಊಟದ ಹೊತ್ತಿನಲ್ಲಷ್ಟೇ ಬಳಸಿದ್ದಳು.

"ಭಾವ, ನಿಮ್ಮೋರು ಅಜ್ಜನ ಕಾಲದಲ್ಲಿ ನಮ್ಮ ದನ ಹೊಡ್ಕೊಂಡು ನದಿ ದಾಟಿದ್ರು," ಎಂದಳು. "ಈಗ ನನ್ನ ಮೇ ತಿಂಗಳ ಖರ್ಚನ್ನೂ ನದಿ ದಾಟಿಸ್ತೀರಾ?"

ಮುಬಿತಾ ನಗು ತಡೆಯಲು ನೋಡಿದರು, ಆಗಲಿಲ್ಲ. "ದನ ಎಣಿಸೋದು ಬಿಟ್ರೆ ನಿಮಗೆ ಬೇರೇನೂ ಬರಲ್ಲ."

"ಅದಕ್ಕೇ ತಾನೆ ನನ್ನನ್ನ ಲೆಕ್ಕಕ್ಕೆ ಇಟ್ಕೊಂಡಿರೋದು? ಮೇನಲ್ಲಿ ಆದ ಖರ್ಚು ಮೇನಲ್ಲೇ ಇರ್ಬೇಕು ಭಾವ. ವರ್ಷಕ್ಕೆ ಯಾವ ನಿಯಮವೋ ಅರ್ಧವರ್ಷಕ್ಕೂ ಅದೇ. ಬೇರೆ ಥರ ಬರೀಬೇಕು ಅಂದ್ರೆ ಬೇರೆಯವರನ್ನ ಕರೀರಿ."

ಕೊನೆಯ ಮಾತಿನಲ್ಲಿ ಗೇಲಿ ಇರಲಿಲ್ಲ. ಮುಬಿತಾ ಖರ್ಚನ್ನು ಮೇ ತಿಂಗಳಲ್ಲೇ ಉಳಿಸಿದರು. ರಿಪೇರಿ ಯಾಕೆ, ಯಾವಾಗ ಎಂಬ ಎರಡು ಸಾಲು ಸೇರಿಸಲು ಹೇಳಿ, ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸಹಿ ಹಾಕಿದರು. ಬುಧವಾರ ಲೆಕ್ಕ ಪತ್ರಿಕೆಯಲ್ಲಿ ಬಂತು. ಮಧ್ಯಾಹ್ನದೊಳಗೆ ಷೇರಿನ ಬೆಲೆ ಹದಿನಾಲ್ಕು ಎನ್‌ಗ್ವೆ ಇಳಿಯಿತು; ನೂರು ಎನ್‌ಗ್ವೆಗೆ ಒಂದು ಕ್ವಾಚಾ.

ಶುಕ್ರವಾರ ಇಬ್ಬರೂ ಮೊಂಜೆಗೆ ಹೋದರು. ಸಂಘದ ಅಧ್ಯಕ್ಷ ಹಾಬೀಂಜು ಎಪ್ಪತ್ತು ದಾಟಿದವರು. ಪತ್ರಿಕೆಯ ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದರು. ಮುಬಿತಾ ವಿವರಣೆ ಶುರುಮಾಡುವಷ್ಟರಲ್ಲಿ ಅದನ್ನು ಬಿಡಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಹೋದ ವರ್ಷ ನಿಮ್ಮ ಬೀಜ ಸರಿಯಾಗಿ ಒಣಗಿರ್ಲಿಲ್ಲ. ನನ್ನ ಹೊಲದಲ್ಲಿ ಮೂರರಲ್ಲಿ ಒಂದು ಮೊಳೀಲೇ ಇಲ್ಲ. ಮೇನಲ್ಲಿ ಯಂತ್ರ ರಿಪೇರಿ ಮಾಡಿಸ್ತೀವಿ ಅಂತ ಇದೇ ಕೋಣೇಲಿ ಹೇಳಿ ಹೋದ್ರಿ. ಪೇಪರ್ ಬಂದಾಗ ನಾನು ನಷ್ಟ ಎಷ್ಟು ಅಂತ ನೋಡ್ಲಿಲ್ಲಪ್ಪ, ಮೊದಲು ಈ ಖರ್ಚು ಹುಡುಕ್ದೆ. ಇದು ಇಲ್ದೇ ಇದ್ದಿದ್ರೆ ಇವತ್ತೇ ಮಾರ್ತಿದ್ವಿ."

ಸಂಘ ಷೇರು ಮಾರಲಿಲ್ಲ. ಊಟಕ್ಕೆ ಏಳುವ ಮುಂಚೆ ಅದರ ಸದಸ್ಯರು ಆ ಯಂತ್ರದಲ್ಲಿ ಒಣಗಿದ ಬೀಜಕ್ಕೆ ಆರುನೂರು ಚೀಲದ ಮುಂಗಡ ಬರೆಸಿದರು.