ತೊಟ್ಟಿಲಿಗೆ ಹಾಸಿದ ಹುಲ್ಲು

ಒಣಹುಲ್ಲಿನ ವಾಸನೆ ಬಂದರೆ ಈಗಲೂ ನನಗೆ ದೋಣಿಗಲ್ಲಿನ ಎಸ್ಟೇಟಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಆರು ವರ್ಷ. ಹುಟ್ಟಿದ ಐದನೇ ದಿನಕ್ಕೇ ತಮ್ಮ ತೀರಿಹೋಗಿ ವಾರವಾಗಿತ್ತು. ಅಂದಿನಿಂದ ಅವ್ವ ಯಾರೊಂದಿಗೂ ಮಾತಾಡಿರಲಿಲ್ಲ. ಮರುದಿನ ಕ್ರಿಸ್‌ಮಸ್. ಕೂಲಿಯವರ ಲೈನ್ ಮನೆಯ ತೆರೇಸಮ್ಮ, ಕಾಫಿ ಗಿಡಗಳಿಂದ ಕಿತ್ತು ತಂದ ಪಾಚಿಯ ಮೇಲೆ ಮಣ್ಣಿನ ಹಸು, ಕುರಿ, ಒಬ್ಬ ತಂದೆ, ತಾಯಿಯ ಗೊಂಬೆಗಳನ್ನು ಜೋಡಿಸುತ್ತಿದ್ದಳು. ಕೂಸು ಮಲಗಬೇಕಾದ ನಡುವಿನ ಪುಟ್ಟ ಗೋದಲಿಯಲ್ಲಿ, ಹಸುವಿನ ಮೇವಿನ ಆ ತೊಟ್ಟಿಯಲ್ಲಿ, ಬರೀ ಹುಲ್ಲಿತ್ತು.

"ಕೂಸು ಎಲ್ಲಿ?" ಎಂದೆ.

"ದೇವ್ರೇ ಕೂಸಾಗಿ ಇವತ್ತು ರಾತ್ರಿ ಬತ್ತಾನೆ ಕಣವ್ವ. ನಮ್ಮಜ್ಜಿ, ಅವರಜ್ಜಿ ಕಾಲದಿಂದ ಹಿಂಗೇ ಹುಲ್ಲು ಹಾಸಿ ಕಾಯ್ತೀವಿ."

"ಅಷ್ಟು ದೊಡ್ಡ ದೇವ್ರು ಯಾಕೆ ಕೂಸಾಗ್ಬೇಕು?"

"ನಮ್ಮ ಚಳಿ, ನಮ್ಮ ಹಸಿವು ಅವನಿಗೂ ಗೊತ್ತಾಗ್ಬೇಕಲ್ಲ. ಸಾಯೋದೂ ಗೊತ್ತಾಗ್ಬೇಕು," ಎಂದು ಅವಳು ಸೆರಗಿನಿಂದ ಹಸುವಿನ ಧೂಳು ಒರೆಸಿದಳು.

ನಾನು ಮನೆಗೆ ಓಡಿದೆ. ಕೊಟ್ಟಿಗೆಯಿಂದ ಒಂದು ತೆಕ್ಕೆ ಹುಲ್ಲು ತಂದು ತಮ್ಮನ ತೊಟ್ಟಿಲಿಗೆ ತುಂಬಿದೆ. ತಿರುಗಿದರೆ ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಹುಲ್ಲು ಹಾಸಿಟ್ರೆ ಕೂಸು ರಾತ್ರಿ ಬತ್ತದಂತೆ," ಎಂದೆ.

ಬೈಯುತ್ತಾಳೆಂದು ಹೆದರಿದ್ದೆ. ಅವಳು ತೊಟ್ಟಿಲ ಪಕ್ಕ ಕೂತು ಒರಟು ಕಡ್ಡಿಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಉಳಿದ ಹುಲ್ಲಿನ ಮೇಲೆ ತನ್ನ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು.

"ಚುಚ್ತದೆ ಕಣೆ ಕೂಸಿಗೆ," ಎಂದಳು.

ಅವಳ ರವಿಕೆ ಎದೆಯ ಎರಡೂ ಕಡೆ ಒದ್ದೆಯಾಗಿತ್ತು. ಆಗ, ನೀರು ಚೆಲ್ಲಿಕೊಂಡಿದ್ದಾಳೆ ಅಂದುಕೊಂಡೆ.