ಎಡಗಡೆ ಕೂತವಳು

ಅಣ್ಣಮ್ಮ ತಟ್ಟೆಯನ್ನು ತಮ್ಮ ಕೆಂಪರಾಜನ ಬಲಗಡೆಗೆ ಇಟ್ಟಳು. ತಮ್ಮನ ಹೆಂಡತಿ ಸುಕನ್ಯ ಅದನ್ನೆತ್ತಿ ಅವನ ಎಡಗಡೆಗೆ ಇಟ್ಟು, ತನ್ನ ಸ್ಟೂಲಿನ ಮೇಲೆ ಕೂತಳು. ಮುದ್ದೆಗೆಂದು ಚಾಚಿದ್ದ ಕೆಂಪರಾಜನ ಕೈ ಬರಿಯ ಟೇಬಲನ್ನು ತಡವಿತು.

"ಅಕ್ಕಾ, ತಟ್ಟೆ ಏನಾಯ್ತು?"

"ಏನಾಯ್ತಾ? ನಿನ್ನ ಹೆಂಡ್ತಿ ಕಿತ್ಕೊಂಡ್ಲು!" ಅಣ್ಣಮ್ಮ ಕೆ.ಆರ್. ಪುರದಿಂದ ನಾಟಿಕೋಳಿ ಸಾರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಹ್ಯಾಂಗಿಂಗ್ ಬ್ರಿಡ್ಜಿನ ಹತ್ತಿರ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಒಂದು ತೊಟ್ಟು ಚೆಲ್ಲಿರಲಿಲ್ಲ. "ಅಲ್ವೇ, ಮೊದ್ಲೇ ಲಕ್ವ ಹೊಡೆದವ್ನು. ಉಣ್ಣೋನ ಮುಂದಿನ ತಟ್ಟೆ ಎತ್ತೋದಾ? ನಾಯಿಗೂ ಯಾರೂ ಹಂಗೆ ಮಾಡಲ್ಲ."

"ಎತ್ತಿಲ್ಲ ಅಕ್ಕ. ಅಲ್ಲೇ ಐತೆ ನೋಡಿ. ಅವ್ರು ತಲೆ ತಿರುಗಿಸ್ಬೇಕು, ಅಷ್ಟೆ."

ಯುಗಾದಿಯ ಹೊತ್ತಿಗೆ ಆದ ಸ್ಟ್ರೋಕು. ಕಾಲು ನಿಧಾನಕ್ಕೆ ಬರುತ್ತಿತ್ತು, ಮಾತು ಪೂರ್ತಿ ಬಂದಿತ್ತು. ಆದರೆ ಕೆಂಪರಾಜನಿಗೆ ಎಡಗಡೆ ಎಂಬುದೇ ಇರಲಿಲ್ಲ. ಕಣ್ಣು ಸರಿಯಾಗಿದೆ, ಎಡಗಡೆ ಅಂತ ಒಂದು ಇದೆ ಅನ್ನೋದೇ ಮಿದುಳಿಗೆ ಮರೆತುಹೋಗಿದೆ, ಎಂದಿದ್ದಳು ವ್ಯಾಯಾಮ ಮಾಡಿಸಲು ಶಿವಾಜಿನಗರದಿಂದ ಬರುವ ಶಕೀಲಾ. ಬಲಗಡೆ ಹೋಗಿ ಮಾತಾಡಿಸಿದರೆ ಅವರಿಗೂ ಸುಖ, ನಿಮಗೂ ಸುಖ. ಆದರೆ ಹಾಗೇ ಬಿಟ್ಟರೆ ಮುಂದೆ ಒಬ್ಬರೇ ರಸ್ತೆ ದಾಟಲಾರರು. ಊಟ, ನೀರು, ನೀವು, ಎಲ್ಲ ಎಡಗಡೆ ಇರಲಿ. ಹುಡುಕಲಿ. ಅಂದಿನಿಂದ ಸುಕನ್ಯ ಎಡಗಡೆಯ ಸ್ಟೂಲನ್ನು ಬಿಟ್ಟಿರಲಿಲ್ಲ. ನೋಡಲು ಬಂದವರೆಲ್ಲ ಬಲಗಡೆಯ ಕುರ್ಚಿಯಲ್ಲಿ ಕೂತು, ಅವನ ಕೈ ಹಿಡಿದು, ಅತ್ತು, ಹಾರ್ಲಿಕ್ಸ್ ಬಾಟಲಿ ಇಟ್ಟು ಹೋಗುತ್ತಿದ್ದರು.

"ನಂಗೂ ಗೊತ್ತಮ್ಮ ಔಷಧಿ," ಎಂದಳು ಅಣ್ಣಮ್ಮ. "ಪಾರಿವಾಳದ ರಕ್ತ ತಿಕ್ಸು ಅಂದ್ರೆ ನೀನು ಮೂಗು ಮುಚ್ಕೊಂಡೆ."

"ತಿಕ್ಸಿದ್ವಲ್ಲ ಅಕ್ಕ. ವಾಸನೆ ಬಂತು, ಕೈ ಬರ್ಲಿಲ್ಲ."

ಸುಕನ್ಯ ಬಾಯಿ ತೆರೆದಾಗಲೆಲ್ಲ ಕೆಂಪರಾಜ ಬಲಗಡೆಯ ಬಾಗಿಲನ್ನು ನೋಡುತ್ತಿದ್ದ. ಅವನ ಮಟ್ಟಿಗೆ ದನಿ ಬರಲು ಬೇರೆ ಜಾಗವೇ ಇರಲಿಲ್ಲ. ಅವನು ಅಕ್ಕನ ಕಡೆ ಬಾಗಿ, ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ.

"ನೋಡ್ದಾ ಅಕ್ಕ? ಬಾಗಿಲಾಚೆಯಿಂದ್ಲೇ ಜಗಳ ಆಡ್ತಾಳೆ. ಒಳಗೆ ಬರಲ್ಲ."

"ಯಾರೋ?"

"ಇನ್ಯಾರು, ಸುಕನ್ಯ. ಎತ್ತಿ ಕೂರಿಸ್ಬೇಕಾದ್ರೆ ಬರ್ತಾಳೆ, ಕೂರಿಸ್ತಾಳೆ, ಮಾಯ ಆಗ್ತಾಳೆ. ಆಸ್ಪತ್ರೆಯಿಂದ ಬಂದಾಗಿಂದ ಒಂದು ಗಳಿಗೆ ಹತ್ರ ಕೂತಿಲ್ಲ. ಬಾಯಿ ಸೊಟ್ಟ ಆಗೈತಲ್ಲ, ಅಸಹ್ಯ ಆಗಿರ್ಬೇಕು. ನೀನು ಬಯ್ಯಬೇಡ. ಊರೋರೆಲ್ಲ ಬರ್ತಾರೆ, ಅವಳೊಬ್ಳು ಬರಲ್ಲ, ಅಷ್ಟೆ."

ಅವನ ಎಡಗೈ ಸುಕನ್ಯಳ ಮಡಿಲಲ್ಲಿತ್ತು. ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವಳು ಎಣ್ಣೆ ಹಚ್ಚುತ್ತಿದ್ದಳು. ಹೆಬ್ಬೆರಳಿನ ಹತ್ತಿರ ಅವಳ ಕೈ ನಿಂತಿತು. ಮತ್ತೆ ಶುರುವಾಯಿತು.

ಅಣ್ಣಮ್ಮ ತಮ್ಮನ ತಲೆಯಾಚೆಗೆ ಅವಳನ್ನು ನೋಡಿದಳು. "ಲೇ, ಈ ಕಡೆ ಬಾರೇ," ಎಂದಳು, ಈಗ ಮೆಲ್ಲಗೆ. "ಹಿಂಗೆ ಸುತ್ತಿ ಬಂದ್ರಾಯ್ತು. ಒಂದ್ಸಲ ಮುಖ ತೋರ್ಸು, ಸಾಕು."

"ನಾನು ಆ ಕಡೆ ಬಂದ್ರೆ ಇವ್ರು ಈ ಕಡೆ ಯಾವತ್ತೂ ತಿರುಗಲ್ಲ ಅಕ್ಕ."

"ಅದೇನು ಅಲ್ಲೇ ನಿಂತು ಗೊಣಗ್ತೀಯಾ? ಒಳಗೆ ಬಂದು ಹೇಳು," ಎಂದ ಕೆಂಪರಾಜ, ಬಾಗಿಲಿಗೆ.

ಅಣ್ಣಮ್ಮ ಮಂಡಿಗೆ ಕೈಕೊಟ್ಟು ಬಲಗಡೆಯ ಕುರ್ಚಿಯಿಂದ ಎದ್ದು, ತಮ್ಮನ ಕುರ್ಚಿಯ ಹಿಂದಿನಿಂದ ಸುತ್ತಿಬಂದು, ಸುಕನ್ಯಳ ಸ್ಟೂಲಿನ ಪಕ್ಕದಲ್ಲಿ ನಿಂತಳು.

"ಅಕ್ಕಾ?"

ಅವನ ಉಸಿರು ಕೇಳುವಷ್ಟು ಹತ್ತಿರ ನಿಂತಿದ್ದಳು ಅಣ್ಣಮ್ಮ. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದ್ದ ತಮ್ಮ. ಅವನ ಎಡಗೆನ್ನೆಯ ಹತ್ತಿರ ಅಂಗೈ ಆಡಿಸಿದಳು. ಅವನು ರೆಪ್ಪೆ ಕೂಡ ಬಡಿಯಲಿಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಬಗ್ಗಿ, ಸುಕನ್ಯಳ ಕಿವಿಯಲ್ಲಿ ಕೇಳಿದಳು: "ದಿನಾ ಹಿಂಗೇನೇ ನಿಂಗೆ?"

"ದಿನಾ."

"ನೀನೂ ಹೊರಟ್ಬಿಟ್ಯಾ ಅಕ್ಕ? ಒಂದು ಮಾತೂ ಹೇಳ್ದೆ?" ಕೆಂಪರಾಜನ ದನಿ ಒಡೆಯಿತು.

ಅಣ್ಣಮ್ಮ ಬಾಯಿ ತೆರೆದಳು. ಸುಕನ್ಯ ಎದ್ದು, ಎಣ್ಣೆಗೈಯಲ್ಲೇ, ಅವಳ ಬಾಯಿ ಮುಚ್ಚಿದಳು.

ಕೆಂಪರಾಜ ಖಾಲಿ ಕುರ್ಚಿಯನ್ನು ನೋಡಿದ. ಬಾಗಿಲನ್ನು ನೋಡಿದ. ಬಾಗಿಲಾಚೆ, ಅವರ ಹೊಲವಿದ್ದ ಕಡೆ ಎದ್ದು ನಿಂತಿದ್ದ ಗಾಜಿನ ಕಟ್ಟಡವನ್ನು ನೋಡಿದ. ಬಲಗಡೆ ನೋಡಲು ಮತ್ತೇನೂ ಉಳಿದಿರಲಿಲ್ಲ. ಆಗ ಅವನ ಗದ್ದ ಬಲಭುಜವನ್ನು ಬಿಟ್ಟು, ತುಕ್ಕು ಹಿಡಿದ ಗೇಟಿನಂತೆ ತಡೆತಡೆದು, ಈಚೆಗೆ ಸರಿಯತೊಡಗಿತು. ಇಬ್ಬರು ಹೆಂಗಸರೂ ಕಳ್ಳರ ಹಾಗೆ ಉಸಿರು ಬಿಗಿಹಿಡಿದು ನಿಂತರು.